ಎಷ್ಟಕ್ಕೆ ಇಡಲಿ ಸಾರ್? ಹಳೆಯ ಬೈಕಿನ ಮೀಟರು ಮತ್ತು ಸೊನ್ನೆಯ ಲೆಕ್ಕ

ಬೆಂಗಳೂರಿನ ಜೆ.ಸಿ. ರಸ್ತೆಗೆ ತಾಗಿದ ಗಲ್ಲಿಯೊಂದರಲ್ಲಿ, ಇಬ್ಬರು ಕೂತರೆ ಮೂರನೆಯವನು ಹೊರಗೇ ನಿಲ್ಲಬೇಕಾದಷ್ಟು ಚಿಕ್ಕ ಮೀಟರ್ ರಿಪೇರಿ ಅಂಗಡಿಗೆ ನನ್ನ 1976ರ ಯೆಜ್ಡಿಯ ಸ್ಪೀಡೋಮೀಟರನ್ನು ಒಯ್ದಿದ್ದೆ. ವಯಸ್ಸಾದ ಮೆಕ್ಯಾನಿಕ್ ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ, ಬಿಚ್ಚುವ ಮೊದಲೇ ಕೇಳಿದ ಪ್ರಶ್ನೆ ಒಂದೇ: "ಎಷ್ಟಕ್ಕೆ ಇಡಲಿ ಸಾರ್?" ಕ್ಷೌರದಂಗಡಿಯಲ್ಲಿ ಮೀಡಿಯಮ್ಮೋ ಶಾರ್ಟೋ ಎಂದು ಕೇಳುವಷ್ಟೇ ಸಹಜವಾದ ದನಿ. ಮೀಟರಿನಲ್ಲಿದ್ದ, ಗಾಡಿ ಓಡಿದ ಕಿಲೋಮೀಟರಿನ ಅಂಕಿ 61,347. ಅದು ಹಾಗೇ ಇರಲಿ ಎಂದಾಗ ಅವರಿಗೆ ಆಶ್ಚರ್ಯವೇ ಆಯಿತು; ಬಣ್ಣ, ಕ್ರೋಮ್, ಸೀಟು ಎಲ್ಲವೂ ಹೊಸದಾದ ಮೇಲೆ ಮೀಟರು ಮಾತ್ರ ಹಳೆಯದಾಗಿ ಏಕಿರಬೇಕು ಎಂಬುದು ಅವರ ವಾದ. ಸೊನ್ನೆಗೆ ತರಲು ಹೆಚ್ಚಿನ ದುಡ್ಡೂ ಬೇಡ, ಹೇಗಿದ್ದರೂ ಬಿಚ್ಚುತ್ತೇನಲ್ಲ ಎಂದರು.

ಈ ಪ್ರಶ್ನೆ ಈಗ ಆ ಗಲ್ಲಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ತೊಡಗಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮಾರಿ, 1996ರಲ್ಲಿ ಬಾಗಿಲು ಹಾಕಿತು. ಒಂದು ಕಾಲಕ್ಕೆ ಗುಜರಿಯ ತೂಕಕ್ಕೆ ಹೋಗುತ್ತಿದ್ದ ಆ ಗಾಡಿಗಳನ್ನು ಈಗ ಜನ ಹುಡುಕಿಕೊಂಡು ಹೋಗುತ್ತಾರೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯೊಂದರ ಮೂಲಕ ಮತ್ತೆ ಮಾರುಕಟ್ಟೆಗೆ ಬಂದ ಮೇಲೆ ಹಳೆಯವುಗಳ ಬಗೆಗಿನ ಕುತೂಹಲ ಇನ್ನಷ್ಟು ಹೆಚ್ಚಿದೆ. ಹಾಗಾಗಿ ತನಗಾಗಿ ರಿಸ್ಟೋರ್ ಮಾಡಿಸುವವರ, ಅಂದರೆ ಹಳೆಯ ಗಾಡಿಯನ್ನು ಮೊದಲಿನ ರೂಪಕ್ಕೆ ತರಿಸುವವರ ಜೊತೆಗೆ, ಮಾರುವುದಕ್ಕೆಂದೇ ರಿಸ್ಟೋರ್ ಮಾಡುವವರೂ ಹುಟ್ಟಿಕೊಂಡಿದ್ದಾರೆ. ಅವರು ಮಾರಾಟಕ್ಕಿಡುವ ಗಾಡಿಗಳ ಮೀಟರಿನಲ್ಲಿ 00012, 00040 ಎಂಬಂಥ ಅಂಕಿಗಳು ಕಾಣಿಸುವುದು ಅಪರೂಪವೇನಲ್ಲ. ಅದು ಮೋಸವೋ, ಪದ್ಧತಿಯೋ, ಬರೀ ಅಲಂಕಾರವೋ ಎಂಬುದು ಮೇಲುನೋಟಕ್ಕೆ ಕಾಣುವಷ್ಟು ಸರಳವಾದ ಸಂಗತಿಯಲ್ಲ.

ಮೊದಲು ಆ ಯಂತ್ರದ ಒಳಗೆ ಏನಿದೆ ಎಂದು ನೋಡಬೇಕು. ಮುಂಗಾಲಿಯಿಂದಲೋ ಗೇರ್‌ಬಾಕ್ಸಿನಿಂದಲೋ ಬರುವ ಕೇಬಲ್ ಮೀಟರಿನೊಳಗಿನ ಒಂದು ದಂಡವನ್ನು ತಿರುಗಿಸುತ್ತದೆ. ಆ ದಂಡದ ತುದಿಯಲ್ಲಿ ಆಯಸ್ಕಾಂತವಿದೆ. ಅದು ತಿರುಗಿದಾಗ ಅದರ ಮೇಲೆ ಕವುಚಿದ ಅಲ್ಯೂಮಿನಿಯಂ ಬಟ್ಟಲು, ಮುಟ್ಟದೆಯೇ ಎಳೆತಕ್ಕೆ ಸಿಕ್ಕಿ, ಕೂದಲೆಳೆಯಂಥ ಸ್ಪ್ರಿಂಗಿನ ವಿರುದ್ಧ ಹೊರಳುತ್ತದೆ. ಬಟ್ಟಲಿಗೆ ಅಂಟಿದ ಮುಳ್ಳು ವೇಗ ತೋರಿಸುತ್ತದೆ. ಅದೇ ದಂಡದ ನಡುವೆ ಕೆತ್ತಿದ ತಿರುಪಿನ ಹಲ್ಲು ಸಣ್ಣ ಗೇರುಗಳ ಮೂಲಕ ಅಂಕಿಯ ಚಕ್ರಗಳನ್ನು ನಿಧಾನವಾಗಿ ಉರುಳಿಸುತ್ತದೆ. ಅಂದರೆ ಮುಳ್ಳು ಮತ್ತು ಅಂಕಿ ಒಂದೇ ಮನೆಯಲ್ಲಿದ್ದರೂ ಒಲೆ ಬೇರೆ ಬೇರೆ. ಮುಳ್ಳು ಆಡುತ್ತಿದ್ದು ಅಂಕಿ ನಿಂತುಹೋಗಿರಬಹುದು, ಅಂಕಿ ಓಡುತ್ತಿದ್ದು ಮುಳ್ಳು ಸತ್ತಿರಬಹುದು. ಮೂವತ್ತು ನಲವತ್ತು ವರ್ಷಗಳಲ್ಲಿ ಒಳಗಿನ ಗ್ರೀಸು ಒಣಗಿ ಮೇಣವಾಗುತ್ತದೆ, ಗೇರಿನ ಹಲ್ಲು ಮುರಿಯುತ್ತದೆ, ಬಿಸಿಲಿಗೆ ಅಂಕಿಗಳು ಮಾಸುತ್ತವೆ. ಇವುಗಳಲ್ಲಿ ಯಾವುದನ್ನು ಸರಿಪಡಿಸಬೇಕೆಂದರೂ ಗಾಜಿನ ಸುತ್ತ ಮಡಚಿ ಒತ್ತಿದ ಲೋಹದ ಬಳೆಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಅಂಗುಲ ಅಂಗುಲವಾಗಿ ಎಬ್ಬಿಸಿ, ಮುಳ್ಳನ್ನು ಕಿತ್ತು, ಡಯಲ್ ತೆಗೆದು, ಅಂಕಿಯ ಚಕ್ರಗಳನ್ನು ಕೈಗೆತ್ತಿಕೊಳ್ಳಲೇಬೇಕು. ಮತ್ತೆ ಜೋಡಿಸುವಾಗ ಅವು ಯಾವ ಅಂಕಿಯಲ್ಲಿ ನಿಲ್ಲಬೇಕು ಎಂಬುದನ್ನು ಯಾರಾದರೂ ನಿರ್ಧರಿಸಲೇಬೇಕು. ಮೆಕ್ಯಾನಿಕ್ ಕೇಳಿದ ಪ್ರಶ್ನೆಯಲ್ಲಿ ಕುಟಿಲವೇನೂ ಇರಲಿಲ್ಲ. ಅದು ಕೆಲಸದ ಒಂದು ಹಂತ.

ಮೀಟರನ್ನು ಬಿಚ್ಚದೆ, ಡ್ರಿಲ್ ಮಷಿನ್ನಿಗೆ ಕೇಬಲ್ ಸಿಕ್ಕಿಸಿ ಸೊನ್ನೆಯವರೆಗೆ ಓಡಿಸಿಬಿಡಬಹುದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಲೆಕ್ಕ ಹಾಕಿದರೆ ನಗು ಬರುತ್ತದೆ. ಜಪಾನಿನ ಅನೇಕ ಬೈಕುಗಳಂತೆ ಕೇಬಲ್ 1,400 ಸುತ್ತು ತಿರುಗಿದರೆ ಒಂದು ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 1,400 ಸುತ್ತಿನ ಡ್ರಿಲ್ ಗಂಟೆಗೆ 60 ಕಿಲೋಮೀಟರ್ "ಓಡಿಸುತ್ತದೆ". 61,347ರಿಂದ ಒಂದು ಲಕ್ಷ ಮುಟ್ಟಿ ಐದೂ ಅಂಕಿ ಸೊನ್ನೆಗೆ ಬರಲು 38,653 ಕಿಲೋಮೀಟರ್ ಬೇಕು, ಅಂದರೆ ಹಗಲೂ ರಾತ್ರಿ ಸೇರಿ ಸುಮಾರು 27 ದಿನ. ಬಿಚ್ಚಿ ಕೈಯಿಂದ ತಿರುಗಿಸಿದರೆ ಅದೇ ಕೆಲಸಕ್ಕೆ ಎರಡು ನಿಮಿಷ ಸಾಕು.

ಆದರೆ ಆ ಅಂಕಿಗಾದರೂ ಎಷ್ಟು ಬೆಲೆ? ನನ್ನ ಯೆಜ್ಡಿ ಸೋದರಮಾವನಿಂದ ಬಂದದ್ದು. ಎಂಬತ್ತರ ದಶಕದಲ್ಲಿ ಮೀಟರ್ ಕೇಬಲ್ ತುಂಡಾಗಿ ನಾಲ್ಕೈದು ವರ್ಷ ಹಾಗೇ ಓಡಿಸಿದ್ದನ್ನು ಅವರೇ ಹೇಳಿದ್ದಾರೆ. ಅಂದಿನ ದಿನಗಳಲ್ಲಿ ಬ್ರೇಕ್ ಕೇಬಲ್ ಹೋದರೆ ಅದೇ ದಿನ ಹಾಕಿಸುತ್ತಿದ್ದರು, ಕ್ಲಚ್ ಕೇಬಲ್ ಹೋದರೆ ಗಾಡಿ ತಳ್ಳಿಕೊಂಡಾದರೂ ಹೋಗಿ ಹಾಕಿಸುತ್ತಿದ್ದರು. ಮೀಟರ್ ಕೇಬಲ್ ಹೋದರೆ ಮಾತ್ರ ಯಾರಿಗೂ ಅವಸರವಿರಲಿಲ್ಲ. ಇದರ ಮೇಲೆ ಐದು ಅಂಕಿಯ ಮೀಟರು 99,999 ದಾಟಿದ ಕೂಡಲೇ ತಾನಾಗಿಯೇ ಸೊನ್ನೆಗೆ ಬರುತ್ತದೆ. ಹಾಗಾಗಿ 23,000 ಎಂದು ಕಾಣುವುದು 1,23,000 ಆಗಿರಬಹುದು. ಕೆಲವು ಮೀಟರುಗಳಲ್ಲಿ ಬೇರೆ ಬಣ್ಣದ ಕೊನೆಯ ಅಂಕಿ ನೂರು ಮೀಟರ್ ದೂರದ ಲೆಕ್ಕವಾದ್ದರಿಂದ, ಅವು ಹತ್ತು ಸಾವಿರಕ್ಕೇ ಸುತ್ತು ಮುಗಿಸುತ್ತವೆ. ಯುದ್ಧಕಾಲದ ಬಿ.ಎಸ್.ಎ. ಎಂ20ಯಂಥ ಬ್ರಿಟಿಷ್ ಗಾಡಿಗಳ ಗೋಜಲು ಬೇರೆಯೇ: ಅವುಗಳ ಮೂಲ ಮೀಟರು ಮೈಲಿಯಲ್ಲಿತ್ತು. ದೇಶ ಕಿಲೋಮೀಟರಿಗೆ ಹೊರಳಿದ ಮೇಲೆ ಅನೇಕರು ಕಿಲೋಮೀಟರಿನ ಮೀಟರು ಹಾಕಿಸಿಕೊಂಡರು. 30,000 ಮೈಲಿ ಎಂದರೆ 48,280 ಕಿಲೋಮೀಟರ್; ಹಳೆಯ ಮೀಟರಿನ ಅಂಕಿಯನ್ನು ಹಾಗೇ ಹೊಸದರಲ್ಲಿ ಕೂರಿಸಿದ್ದರೆ ಹದಿನೆಂಟು ಸಾವಿರ ಕಿಲೋಮೀಟರ್ ಯಾರ ದುರುದ್ದೇಶವೂ ಇಲ್ಲದೆ ಗಾಳಿಯಲ್ಲಿ ಕರಗಿಹೋಯಿತು.

ಸೊನ್ನೆಗೆ ತರಬೇಕು ಎನ್ನುವವರ ವಾದ ಹುಟ್ಟುವುದು ಇಲ್ಲಿಂದಲೇ. ಹಳೆಯ ಅಂಕಿ ಹೇಗೂ ಸುಳ್ಳು. ಸುಳ್ಳನ್ನು ಜೋಪಾನ ಮಾಡುವುದಕ್ಕಿಂತ ಹೊಸದಾಗಿ ಆರಂಭಿಸುವುದು ಮೇಲಲ್ಲವೇ ಎಂದು ಅವರು ಕೇಳುತ್ತಾರೆ. ಅವರ ಕೈಯಲ್ಲಿ ಇನ್ನೂ ಗಟ್ಟಿಯಾದ ಒಂದು ಕಾರಣವಿದೆ. ಬೋರ್ ಹೊಡೆಸಿ, ಅಂದರೆ ಸವೆದ ಸಿಲಿಂಡರಿನ ಒಳಗನ್ನು ಕೊರೆಸಿ, ಹೊಸ ಪಿಸ್ಟನ್ ಹಾಕಿದ ಎಂಜಿನ್ನನ್ನು ಮೊದಲ ಕೆಲವು ನೂರು ಕಿಲೋಮೀಟರ್ ಮೆತ್ತಗೆ ಓಡಿಸಬೇಕು, ಎರಡು ಸ್ಟ್ರೋಕಿನ ಗಾಡಿಯಾದರೆ ಪೆಟ್ರೋಲಿಗೆ ಆಯಿಲ್ ತುಸು ಹೆಚ್ಚು ಬೆರೆಸಬೇಕು, ಇಷ್ಟಕ್ಕೆ ಪ್ಲಗ್ ನೋಡಬೇಕು, ಅಷ್ಟಕ್ಕೆ ಗೇರ್‌ಬಾಕ್ಸ್ ಆಯಿಲ್ ಬದಲಿಸಬೇಕು. ಸೊನ್ನೆಯಿಂದ ಎಣಿಸಿದರೆ ಈ ಲೆಕ್ಕವೆಲ್ಲ ಕಣ್ಣೆದುರೇ ಇರುತ್ತದೆ. ಬೇಕೆಂದಾಗ ಸೊನ್ನೆಗೆ ತರಬಹುದಾದ ಟ್ರಿಪ್ ಮೀಟರ್ ಇಲ್ಲದ ಗಾಡಿಯಲ್ಲಿ ಇದು ಸಣ್ಣ ಅನುಕೂಲವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ 61,347ಕ್ಕೆ 500 ಕೂಡಿಸುವ ಗಣಿತ ಯಾರಿಗೂ ಅಸಾಧ್ಯವಲ್ಲ. ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್ ಸಾಕು.

ತೊಡಕು ಇರುವುದು ಸೊನ್ನೆ ಯಾವುದರ ಸೊನ್ನೆ ಎಂಬಲ್ಲಿ. ಈ ಬೈಕುಗಳಲ್ಲಿ ಮೀಟರಿಗಿಂತ ನಂಬಿಕೆಗೆ ಅರ್ಹವಾದ ಇನ್ನೊಂದು ಓಡೋಮೀಟರ್ (ಓಡಿದ ದೂರ ಎಣಿಸುವ ಸಾಧನ) ಇದೆ, ಅದು ಸಿಲಿಂಡರು. ಜಾವಾ ಮತ್ತು ಯೆಜ್ಡಿ 250ರ ಮೂಲ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿಲಿಮೀಟರ್. ಸಿಲಿಂಡರ್ ಸವೆದಾಗ ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್ ಲೆಕ್ಕದಲ್ಲಿ ಬೋರ್ ಅಗಲಿಸಿ, ಅದಕ್ಕೆ ಹೊಂದುವ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಹೆಡ್ ತೆಗೆದು ಪಿಸ್ಟನ್ನಿನ ನೆತ್ತಿಯ ಮಸಿ ಒರೆಸಿದರೆ ಅಲ್ಲಿ ಒತ್ತಿದ ಸೈಜು ಕಾಣುತ್ತದೆ. ನನ್ನದರಲ್ಲಿ 66 ಎಂದಿತ್ತು. ಅಂದರೆ ಮೂಲಕ್ಕಿಂತ ಒಂದು ಪೂರ್ತಿ ಮಿಲಿಮೀಟರ್ ಅಗಲ. ಆ ಸಿಲಿಂಡರು ಒಂದಕ್ಕಿಂತ ಹೆಚ್ಚು ಬಾರಿ ಬೋರಿಂಗ್ ಕಂಡಿರುವ ಸಾಧ್ಯತೆಯೇ ಹೆಚ್ಚು. ಮೀಟರು ಹೇಳದೆ ಬಿಟ್ಟದ್ದನ್ನು ಪಿಸ್ಟನ್ನು ಹೇಳುತ್ತಿತ್ತು. ಇನ್ನು ಬೋರ್ ಹೊಡೆಸಲು ಗೋಡೆ ಉಳಿಯದಿದ್ದಾಗ ಒಳಗೆ ಹೊಸ ಸ್ಲೀವ್ (ಲೋಹದ ಕೊಳವೆ) ಕೂರಿಸಿ ಮತ್ತೆ 65ಕ್ಕೆ ತರುತ್ತಾರೆ. ಯೋಚಿಸಿದರೆ ಇದೂ ಒಂದು ಓಡೋಮೀಟರನ್ನು ಸೊನ್ನೆಗೆ ತಂದಂತೆಯೇ. ಆದರೆ ಇದನ್ನು ಯಾರೂ ಮೋಸ ಎನ್ನುವುದಿಲ್ಲ, ಏಕೆಂದರೆ ಇಲ್ಲಿ ಸವೆದ ವಸ್ತುವೇ ಹೋಗಿ ಹೊಸ ವಸ್ತು ಬಂದಿದೆ. ಮೀಟರಿನ ಸೊನ್ನೆಗೆ ಅಂಥ ಆಧಾರವಿಲ್ಲ. ಚಾಸಿಸ್ ಓಡಿದಷ್ಟು ಓಡಿಯೇ ಇದೆ, ಗೇರ್‌ಬಾಕ್ಸಿನ ಗೇರುಗಳು ಬಹುಪಾಲು ಹಳೆಯವೇ, ಮುಂಭಾಗದ ಫೋರ್ಕಿನ ಕೊಳವೆ ಪಾಲಿಶ್ ಆಗಿದೆಯೇ ಹೊರತು ಮರುಹುಟ್ಟು ಪಡೆದಿಲ್ಲ. ಒಂದೊಂದು ಭಾಗಕ್ಕೆ ಒಂದೊಂದು ವಯಸ್ಸಿರುವ ಗಾಡಿಯಲ್ಲಿ ಮೀಟರಿನ ಅಂಕಿಯನ್ನು ಕೊಳ್ಳುವವನು ಇಡೀ ಗಾಡಿಯ ಅಂಕಿ ಎಂದೇ ಓದುತ್ತಾನೆ. ಮಾರುವವನ ಮನಸ್ಸಿನಲ್ಲಿ ಅದು ಎಂಜಿನ್ನಿನ ಹೊಸ ಜನ್ಮದ ಅಂಕಿ. ಒಂದೇ ಅಂಕಿಗೆ ಎರಡು ಅರ್ಥ.

1976ರ ಗಾಡಿಯಲ್ಲಿ 00012 ಎಂದು ಕಂಡರೆ ಯಾರೂ ಅದನ್ನು ನಂಬುವುದಿಲ್ಲ. ಅದು ರಿಸ್ಟೋರ್ ಆದದ್ದು ಎಂದು ಆ ಸೊನ್ನೆಗಳೇ ಸಾರಿ ಹೇಳುತ್ತವೆ. ಆ ಮಟ್ಟಿಗೆ ಸೊನ್ನೆ ಪ್ರಾಮಾಣಿಕ. ನಿಜವಾದ ವಂಚನೆ ಇರುವುದು ನಂಬುವಂತೆ ಕಾಣುವ ಅಂಕಿಯಲ್ಲಿ, ಉದಾಹರಣೆಗೆ 18,000ದಲ್ಲಿ. "ಮೇಷ್ಟ್ರು ಇಟ್ಟುಕೊಂಡಿದ್ದ ಗಾಡಿ, ಭಾನುವಾರ ಮಾತ್ರ ತೆಗೆಯುತ್ತಿದ್ದರು" ಎಂಬ ಕಥೆಯೊಂದಿಗೆ ಅಂಥ ಅಂಕಿ ಸಲೀಸಾಗಿ ಕೈಬದಲಾಗುತ್ತದೆ. ಆದರೆ ಸೊನ್ನೆಯ ಪ್ರಾಮಾಣಿಕತೆಗೂ ಆಯುಷ್ಯ ಕಡಿಮೆ. ಕೊಂಡವನು ಮೂರು ವರ್ಷ ಓಡಿಸಿ, ಆರೇಳು ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೊಬ್ಬನಿಗೆ ಮಾರಿದಾಗ ಬಣ್ಣ ಸ್ವಲ್ಪ ಮಂಕಾಗಿರುತ್ತದೆ, ಕ್ರೋಮಿನ ಮೇಲೆ ಚುಕ್ಕೆ ಬಿದ್ದಿರುತ್ತದೆ, ಮೀಟರು 06,840 ಎನ್ನುತ್ತದೆ. ಈಗ ಅದು ಹೆಚ್ಚು ಓಡದೆ ಉಳಿದ ಮೂಲ ಗಾಡಿಯ ಅಂಕಿಯಂತೆ ಕಾಣುತ್ತದೆ. ಮೊದಲ ಮಾರಾಟಗಾರ ಸುಳ್ಳಾಡಲಿಲ್ಲ, ಎರಡನೆಯವನು ಬರೀ ಸುಮ್ಮನಿದ್ದ, ಮೂರನೆಯವನು ಮಾತ್ರ ಮೋಸಹೋದ. ಸೊನ್ನೆ ಮಾಡಿದ ದಿನ ಇಲ್ಲದಿದ್ದ ಸುಳ್ಳು ವರ್ಷ ಕಳೆದಂತೆ ತಾನೇ ಮಾಗುತ್ತದೆ. ಈ ವಿಷಯದಲ್ಲಿ ಉದ್ದೇಶವನ್ನಷ್ಟೇ ತೂಗಿ ತೀರ್ಪು ಕೊಡಲಾಗದು ಎಂದು ನನಗನ್ನಿಸುವುದು ಈ ಕಾರಣಕ್ಕೆ.

ಕಾನೂನು ಇದನ್ನು ಹೇಗೆ ನೋಡಿದೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 1972ರಿಂದಲೇ ಓಡೋಮೀಟರ್ ತಿದ್ದುವುದರ ವಿರುದ್ಧ ಒಕ್ಕೂಟ ಸರ್ಕಾರದ ಕಾಯ್ದೆಯಿದೆ. ಆದರೆ ಅದೇ ಕಾಯ್ದೆ ರಿಪೇರಿಯ ವಾಸ್ತವವನ್ನೂ ಅರಿತಿದೆ: ರಿಪೇರಿ ಅಥವಾ ಬದಲಾವಣೆಯ ನಂತರ ಹಳೆಯ ಅಂಕಿಯನ್ನೇ ಉಳಿಸಬೇಕು, ಉಳಿಸಲು ಆಗದಿದ್ದರೆ ಸೊನ್ನೆಗೆ ತಂದು, ಹಿಂದಿನ ಅಂಕಿ ಎಷ್ಟಿತ್ತು, ರಿಪೇರಿ ಆದದ್ದು ಯಾವ ದಿನ ಎಂಬ ಲಿಖಿತ ಸೂಚನೆಯನ್ನು ವಾಹನದ ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ಬಾಗಿಲೇ ಇಲ್ಲದ ಮೋಟಾರ್ ಸೈಕಲ್ಲಿನವರು ಎಲ್ಲಿ ಅಂಟಿಸಬೇಕು ಎಂದು ಕಾನೂನು ಬರೆದವರು ಯೋಚಿಸಿದಂತಿಲ್ಲ. ಗಮನಿಸಬೇಕಾದದ್ದು ಆ ನಿಯಮದ ಒಳತರ್ಕ. ಅಲ್ಲಿ ಸೊನ್ನೆಗೆ ಅನುಮತಿಯಿದೆ, ಚೀಟಿಯಿಲ್ಲದ ಸೊನ್ನೆಗೆ ಇಲ್ಲ. ನಡುವಿನ ಯಾವುದೋ ಅಂಕಿಗಂತೂ ಜಾಗವೇ ಇಲ್ಲ. ಜರ್ಮನಿಯಲ್ಲಿ 2005ರಿಂದ ಓಡೋಮೀಟರಿನ ಅಂಕಿಯನ್ನು ಸುಳ್ಳಾಗಿಸುವುದೇ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಬ್ರಿಟನ್ನಿನಲ್ಲಿ ತಿದ್ದುವ ಕ್ರಿಯೆಯೇ ಅಪರಾಧವಲ್ಲ, ತಿದ್ದಿದ್ದನ್ನು ಮುಚ್ಚಿಟ್ಟು ಮಾರುವುದು ಅಪರಾಧ.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆ ಓಡೋಮೀಟರ್ ತಿದ್ದುವುದನ್ನು ಹೆಸರಿಸಿ ಶಿಕ್ಷೆ ಹೇಳುವುದಿಲ್ಲ. ಆರ್.ಸಿ. ಪುಸ್ತಕದಲ್ಲಿ ಎಂಜಿನ್ ನಂಬರು, ಚಾಸಿಸ್ ನಂಬರು, ಬಣ್ಣ ಎಲ್ಲ ಇವೆ, ಓಡಿದ ದೂರವಿಲ್ಲ. ಆಟೊ ರಿಕ್ಷಾದ ಬಾಡಿಗೆ ಮೀಟರಿಗೆ ಕಾನೂನು ಮಾಪನಶಾಸ್ತ್ರ ಇಲಾಖೆ ಪರೀಕ್ಷಿಸಿ ಸೀಲು ಹಾಕುತ್ತದೆ, ಏಕೆಂದರೆ ಅದರ ಮೇಲೆ ದಿನವೂ ದುಡ್ಡು ಓಡುತ್ತದೆ. ಅದೇ ಆಟೊದ ಓಡೋಮೀಟರಿಗೆ ಸೀಲಿಲ್ಲ, ಅದನ್ನು ಮಾರುವ ದಿನ ಮಾತ್ರ ಅದರ ಮೇಲೂ ದುಡ್ಡು ಓಡುತ್ತದೆ. ಹಾಗಾಗಿ ಮೋಸಹೋದವನು ಸಾಮಾನ್ಯ ಕಾನೂನಿನ ಮೊರೆಹೋಗಬೇಕು. 1872ರ ಕರಾರು ಕಾಯ್ದೆಯ 17ನೇ ಕಲಂ ಸಂಗತಿಯನ್ನು ಬೇಕೆಂದೇ ಮರೆಮಾಚುವುದನ್ನು ವಂಚನೆ ಎನ್ನುತ್ತದೆ, ಅಂಥ ಕರಾರನ್ನು ಮೋಸಹೋದವನು ರದ್ದುಪಡಿಸಿಕೊಳ್ಳಬಹುದು. ಮಾರಿದವನು ವ್ಯಾಪಾರಿಯಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆಸರೆಯಿದೆ, ಮೋಸ ಮಾಡುವ ಉದ್ದೇಶವೇ ಇತ್ತೆಂದು ತೋರಿಸಬಲ್ಲವನಿಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮೂ ಇದೆ. ಆದರೆ ಅದೇ ಕರಾರು ಕಾಯ್ದೆ, ಹೇಳಲೇಬೇಕಾದ ಹೊಣೆ ಇಲ್ಲದ ಕಡೆ ಬರೀ ಮೌನ ವಂಚನೆಯಾಗದು ಎಂದೂ ಹೇಳುತ್ತದೆ. 06,840ರ ಮೀಟರನ್ನು ತೋರಿಸಿ ಸುಮ್ಮನೆ ನಿಂತವನು ಮರೆಮಾಚಿದನೋ, ಮೌನವಾಗಿದ್ದನೋ? ವಕೀಲರಿಗೆ ಇದು ಒಳ್ಳೆಯ ವಾದದ ವಸ್ತು. ನಲವತ್ತೈದು ವರ್ಷ ಹಿಂದಿನ ಕಿಲೋಮೀಟರನ್ನು ಸಾಕ್ಷಿಸಮೇತ ಸಾಬೀತುಪಡಿಸಬೇಕಾದವನಿಗೆ ಅಷ್ಟೇನೂ ಒಳ್ಳೆಯದಲ್ಲ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ತಂದ ನಿಯಮಗಳು ಈ ಚರ್ಚೆಗೆ ಹೊಸ ತಿರುವು ಕೊಡಬಹುದಿತ್ತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿಸಿಕೊಂಡ, ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಈ ವರ್ಗಕ್ಕೆ ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷ ಮಾನ್ಯತೆ, ನಂಬರ್ ಪ್ಲೇಟಿನಲ್ಲಿ ರಾಜ್ಯದ ಸಂಕೇತದ ನಂತರ ವಿ.ಎ. ಎಂಬ ಅಕ್ಷರಗಳು. 1973ರ ಮೊದಲ ಯೆಜ್ಡಿಗಳು 2023ರಿಂದ ಈ ವಯಸ್ಸು ಮುಟ್ಟತೊಡಗಿವೆ. ಮೂಲ ರೂಪ ಎಂಬ ಮಾತಿಗೆ ಇಷ್ಟು ತೂಕ ಕೊಟ್ಟ ನಿಯಮಗಳು ರಿಸ್ಟೋರ್ ಕೆಲಸದ ದಾಖಲೆಯನ್ನಾಗಲಿ ಮೀಟರಿನ ಅಂಕಿಯನ್ನಾಗಲಿ ಕೇಳುವುದಿಲ್ಲ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ ತನ್ನ ಟ್ಯೂರಿನ್ ಸನ್ನದಿನಲ್ಲಿ, ರಿಸ್ಟೋರ್ ಮಾಡುವಾಗ ಕೈಹಾಕಿದ ಪ್ರತಿ ಕೆಲಸವನ್ನೂ ದಾಖಲಿಸಬೇಕು ಎನ್ನುತ್ತದೆ. ನಮ್ಮ ನೋಂದಣಿ ಅರ್ಜಿಗೆ, ಅರ್ಜಿಯ ದಿನ ಮೀಟರು ತೋರಿಸುತ್ತಿದ್ದ ಅಂಕಿ ಮತ್ತು ಮೀಟರು ಮೂಲದ್ದೋ ಬದಲಿಯೋ ಎಂಬ ಎರಡು ಸಾಲು ಸೇರಿಸಿದ್ದರೆ ಯಾರಿಗೂ ಖರ್ಚಿರಲಿಲ್ಲ. ಆ ಅಂಕಿ ನಿಜವೆಂದು ಯಾರೂ ಖಾತರಿ ಕೊಡಬೇಕಿಲ್ಲ. ಆ ದಿನ ಅದು ಅಷ್ಟಿತ್ತು ಎಂಬ ದಾಖಲೆಯಿದ್ದರೆ ಮುಂದಿನ ಸುಳ್ಳಿಗೆ ಒಂದು ತಡೆಗೋಡೆಯಾದರೂ ಸಿಗುತ್ತದೆ.

ಮೂಲ ಮೀಟರು ರಿಪೇರಿಯಾಗದಷ್ಟು ಹಾಳಾಗಿದ್ದರೆ ಏನು ಮಾಡಬೇಕು? ಆಗ ಹೊಸದಾಗಿ ತಯಾರಾದ ನಕಲು ಮೀಟರೇ ಗತಿ, ಅದು ಬರುವುದೇ ಸೊನ್ನೆಯೊಂದಿಗೆ. ಅದಕ್ಕೆ ಹಳೆಯ ಅಂಕಿಯನ್ನು ಕೂರಿಸುವುದಕ್ಕಿಂತ ಸೊನ್ನೆಯನ್ನೇ ಬಿಟ್ಟು, ಹಳೆಯ ಮೀಟರನ್ನು ಎಸೆಯದೆ ಗಾಡಿಯ ಕಾಗದಗಳ ಜೊತೆ ಇಡುವುದು ಸರಿ ಎಂಬುದು ನನ್ನ ಅಭಿಪ್ರಾಯ. ನಕಲು ಮೀಟರಿನ ಕೇಬಲ್ ಲೆಕ್ಕ ಗಾಡಿಯ ಗೇರಿಗೆ ಹೊಂದುತ್ತದೆಯೇ ಎಂದೂ ನೋಡಿಕೊಳ್ಳಬೇಕು. ಹೊಂದದಿದ್ದರೆ ಅದು ಮೊದಲ ಕಿಲೋಮೀಟರಿನಿಂದಲೇ ತಪ್ಪು ಎಣಿಸುತ್ತದೆ. ಹೆದ್ದಾರಿಯ ಹತ್ತು ಕಿಲೋಮೀಟರ್ ಕಲ್ಲುಗಳ ನಡುವೆ ಒಮ್ಮೆ ಓಡಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮೂಲ ಮೀಟರು ರಿಪೇರಿಯಾಗುವಂತಿದ್ದರೆ ಮಾತ್ರ, ಸುಳ್ಳೆಂದು ತಿಳಿದಿದ್ದರೂ ಹಳೆಯ ಅಂಕಿಯನ್ನೇ ಉಳಿಸಬೇಕು. ಅದು ಗಾಡಿ ಓಡಿದ ದೂರವಲ್ಲ, ಆ ಮೀಟರು ಎಣಿಸಿದ ದೂರ. ಕೇಬಲ್ ತುಂಡಾಗಿದ್ದ ವರ್ಷಗಳನ್ನು ಅದರ ಪಕ್ಕದಲ್ಲಿ ಬರೆದಿಟ್ಟರೆ ಆ ಅಂಕಿ ತಪ್ಪಾಗಿಯೂ ಉಪಯೋಗಕ್ಕೆ ಬರುತ್ತದೆ, ಅಳಿಸಿದರೆ ತಪ್ಪೂ ಉಳಿಯುವುದಿಲ್ಲ.

ಜೆ.ಸಿ. ರಸ್ತೆಯ ಆ ಮೆಕ್ಯಾನಿಕ್ ಮೂರು ದಿನ ಬಿಟ್ಟು ಮೀಟರು ಕೊಟ್ಟರು. ಮುರಿದ ಗೇರನ್ನು ಬೇರೊಂದು ಮೀಟರಿನಿಂದ ತೆಗೆದು ಹಾಕಿದ್ದರು, ಮಾಸಿದ ಅಂಕಿಗಳಿಗೆ ಕೈ ಹಚ್ಚಿರಲಿಲ್ಲ, ಬಳೆಯ ಅಂಚಿನಲ್ಲಿ ಸ್ಕ್ರೂಡ್ರೈವರಿನ ಗುರುತು ಸ್ವಲ್ಪ ಉಳಿದಿತ್ತು. ಪರೀಕ್ಷಿಸಲು ಬೆರಳಿನಿಂದಲೇ ತಿರುಗಿಸಿದ್ದರೆಂದು ಕಾಣುತ್ತದೆ, ಅಂಕಿ 61,348 ಆಗಿತ್ತು. ಅದನ್ನು ಹಿಂದಕ್ಕೆ ತರಲೇ ಎಂದು ಅವರು ನಗುತ್ತಾ ಕೇಳಿದರು, ಬೇಡ ಎಂದೆ. ಮನೆಗೆ ಬಂದು ಹೆಡ್‌ಲೈಟಿನ ಬುರುಡೆಯೊಳಗೆ ಮೀಟರು ಕೂರಿಸುವ ಮೊದಲು ಒಂದು ಚೀಟಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ವೈರುಗಳ ಹಿಂದೆ ಅಂಟಿಸಿದೆ: ತಾರೀಖು, 61,347, ಎಂಬತ್ತರ ದಶಕದಲ್ಲಿ ನಾಲ್ಕೈದು ವರ್ಷ ಕೇಬಲ್ ಇರಲಿಲ್ಲ, ಪಿಸ್ಟನ್ 66, ಮೆಕ್ಯಾನಿಕ್ಕಿನ ಕೈಯಲ್ಲಿ ಒಂದು ಕಿಲೋಮೀಟರ್.